ದೂಳು ಹೀರುವ ಯಂತ್ರ: ಕಲಿಕೆ ಯಾವುದು, ಕಳವು ಯಾವುದು?



ಅಂಗಡಿಯಲ್ಲಿ ಸಾಲಾಗಿ ನಿಲ್ಲಿಸಿದ ವ್ಯಾಕ್ಯೂಂ ಕ್ಲೀನರ್‌ಗಳನ್ನು ಗಮನಿಸಿ. ಕಂಪೆನಿಯ ಹೆಸರು ಮರೆಮಾಡಿದರೆ ಒಂದನ್ನು ಇನ್ನೊಂದರಿಂದ ಬೇರ್ಪಡಿಸುವುದು ಕಷ್ಟ. ಅದೇ ಕೊಳವೆ, ಅದೇ ಚಕ್ರ, ಒಳಗಿನ ಕಸ ಕಾಣುವ ಅದೇ ಪಾರದರ್ಶಕ ಡಬ್ಬಿ. ‘ಎಲ್ಲರೂ ಒಬ್ಬರನ್ನೊಬ್ಬರು ನೋಡಿ ಮಾಡಿದ್ದಾರೆ’ ಎಂದು ಹೇಳಿ ಮುಂದೆ ಹೋಗಬಹುದು. ಆದರೆ ‘ನೋಡಿ ಮಾಡುವುದು’ ಎಲ್ಲಿಯವರೆಗೆ ಕಲಿಕೆ, ಎಲ್ಲಿಂದ ಕಳವು? ಈ ಯಂತ್ರದ ಮಟ್ಟಿಗೆ ಆ ಪ್ರಶ್ನೆ ನೂರು ವರ್ಷಗಳಿಗೂ ಹಿಂದೆ ನ್ಯಾಯಾಲಯದ ಮೆಟ್ಟಿಲು ಹತ್ತಿದೆ. ಅದರ ಉತ್ತರವನ್ನು ಒಂದು ಕಡೆ ಸಂಶೋಧಕನ ದುಡಿಮೆ, ಇನ್ನೊಂದು ಕಡೆ ಕೊಳ್ಳುವವರ ಕಿಸೆ ನೆಚ್ಚಿಕೊಂಡಿವೆ.

ಈ ಯಂತ್ರವನ್ನು ಮೊದಲು ಕಂಡುಹಿಡಿದವರು ಯಾರು? ಸಾಮಾನ್ಯವಾಗಿ ಕೇಳಿಬರುವ ಹೆಸರು ಇಂಗ್ಲೆಂಡಿನ ಎಂಜಿನಿಯರ್ ಹ್ಯೂಬರ್ಟ್ ಸೆಸಿಲ್ ಬೂತ್ ಅವರದು. ಆದರೆ ಅವರಿಗಿಂತ ಮೊದಲೇ, 1860ರಲ್ಲಿ, ಅಮೆರಿಕದ ಡೇನಿಯಲ್ ಹೆಸ್ ಎಂಬಾತ ರತ್ನಗಂಬಳಿ ಗುಡಿಸುವ ಸಾಧನಕ್ಕೆ ತಿದಿ ಜೋಡಿಸಿ ಪೇಟೆಂಟ್ ಪಡೆದಿದ್ದ. 1869ರಲ್ಲಿ ಷಿಕಾಗೋದ ಐವ್ಸ್ ಮೆಕ್‌ಗಫಿ ಕೈಯಿಂದ ತಿರುಗಿಸುವ ಯಂತ್ರವನ್ನು ತಂದ. ಬೂತ್ ಅವರಿಗೆ ಹೊಳೆದ ವಿಚಾರವೂ ಬೇರೊಬ್ಬರ ಯಂತ್ರವನ್ನು ನೋಡಿದ್ದರಿಂದಲೇ ಬಂದದ್ದು. 1901ರಲ್ಲಿ ಲಂಡನ್ನಿನಲ್ಲಿ ನಡೆದ ಒಂದು ಪ್ರದರ್ಶನದಲ್ಲಿ ಅಮೆರಿಕದ ಯಂತ್ರವೊಂದು ಗಾಳಿಯನ್ನು ಊದಿ ದೂಳನ್ನು ಎಬ್ಬಿಸುತ್ತಿತ್ತು. ಎದ್ದ ದೂಳಿನಲ್ಲಿ ಬಹುಪಾಲು ಮತ್ತೆ ಅಲ್ಲಿಯೇ ಬೀಳುತ್ತಿತ್ತು. ಊದುವ ಬದಲು ಹೀರಿದರೆ ಹೇಗೆ ಎಂದು ಯೋಚಿಸಿದ ಬೂತ್, ಹೋಟೆಲಿನ ಕುರ್ಚಿಯ ಮೆತ್ತೆಯ ಮೇಲೆ ಕರವಸ್ತ್ರವಿಟ್ಟು ಬಾಯಿಂದ ಹೀರಿ ನೋಡಿದರು. ದೂಳು ಕರವಸ್ತ್ರಕ್ಕೆ ಮೆತ್ತಿಕೊಂಡಿತು. ಯಂತ್ರದ ಮೂಲ ಸೂತ್ರ ಇಷ್ಟೇ: ಗಾಳಿಯನ್ನು ಎಳೆ, ದೂಳನ್ನು ಬಟ್ಟೆಯಲ್ಲಿ ತಡೆ.

ಅದೇ ವರ್ಷ ಬೂತ್ ಪೇಟೆಂಟ್ ಪಡೆದರು. ಅವರ ಯಂತ್ರ ಕುದುರೆಗಾಡಿಯಷ್ಟು ದೊಡ್ಡದು. ಅದನ್ನು ಬೀದಿಯಲ್ಲಿ ನಿಲ್ಲಿಸಿ, ಉದ್ದನೆಯ ಕೊಳವೆಗಳನ್ನು ಕಿಟಕಿಯೊಳಗೆ ಹಾಯಿಸಿ ಮನೆ ಸ್ವಚ್ಛಮಾಡುತ್ತಿದ್ದರು. 1902ರಲ್ಲಿ ಏಳನೇ ಎಡ್ವರ್ಡ್ ದೊರೆಯ ಪಟ್ಟಾಭಿಷೇಕಕ್ಕೆ ವೆಸ್ಟ್‌ಮಿನ್‌ಸ್ಟರ್ ಅಬೆಯ ರತ್ನಗಂಬಳಿಯನ್ನು ಶುಚಿಗೊಳಿಸಿದ್ದೂ ಈ ಯಂತ್ರವೇ. ಬೂತ್ ಅವರ ಕಂಪೆನಿಯ ಹೆಸರು ‘ಬ್ರಿಟಿಷ್ ವ್ಯಾಕ್ಯೂಂ ಕ್ಲೀನರ್’. ಮತ್ತೊಂದು ಕಂಪೆನಿ ‘ನ್ಯೂ ವ್ಯಾಕ್ಯೂಂ ಕ್ಲೀನರ್’ ಎಂದು ಹೆಸರಿಟ್ಟುಕೊಂಡಾಗ ಇವರು ನ್ಯಾಯಾಲಯಕ್ಕೆ ಹೋದರು. 1907ರಲ್ಲಿ ತೀರ್ಪು ಇವರ ವಿರುದ್ಧ ಬಂತು. ‘ವ್ಯಾಕ್ಯೂಂ ಕ್ಲೀನರ್’ ಎಂಬುದು ವಸ್ತುವಿನ ಕೆಲಸವನ್ನು ವರ್ಣಿಸುವ ಮಾತು, ಅದು ಒಬ್ಬರ ಸೊತ್ತಾಗದು ಎಂಬುದು ಅದರ ಸಾರ.

ಅದೇ ಹೊತ್ತಿಗೆ ಅಮೆರಿಕದ ಒಹಾಯೊ ರಾಜ್ಯದ ಕ್ಯಾಂಟನ್ ಊರಿನಲ್ಲಿ ಜೇಮ್ಸ್ ಮರ್ರೆ ಸ್ಪ್ಯಾಂಗ್ಲರ್ ಎಂಬಾತ ಒಂದು ಮಳಿಗೆಯಲ್ಲಿ ಕಸ ಗುಡಿಸುವ ಕೆಲಸದಲ್ಲಿದ್ದ. ಆತನಿಗೆ ಉಬ್ಬಸ. ಗುಡಿಸುವಾಗ ಏಳುವ ದೂಳಿನಿಂದ ಉಸಿರುಕಟ್ಟುತ್ತಿತ್ತು. ಫ್ಯಾನಿನ ಮೋಟಾರು, ಪೊರಕೆಯ ಹಿಡಿ, ದಿಂಬಿನ ಚೀಲ ಇವಿಷ್ಟನ್ನು ಸೇರಿಸಿ, ಒಬ್ಬರೇ ಎತ್ತಿ ನಡೆಸಬಹುದಾದ ವಿದ್ಯುತ್ ಯಂತ್ರ ಕಟ್ಟಿದ. 1908ರಲ್ಲಿ ಪೇಟೆಂಟ್ ಬಂತು, ಆದರೆ ಬಂಡವಾಳವಿರಲಿಲ್ಲ. ಅದೇ ವರ್ಷ ಚರ್ಮದ ಸಾಮಾನಿನ ವ್ಯಾಪಾರಿ ವಿಲಿಯಂ ಹೆನ್ರಿ ಹೂವರ್ ಹಕ್ಕನ್ನು ಕೊಂಡುಕೊಂಡರು. ಮುಂದೆ ಬ್ರಿಟನ್ನಿನ ಆಡುಮಾತಿನಲ್ಲಿ ‘ಹೂವರ್’ ಎಂದರೆ ದೂಳು ಹೀರುವುದು ಎಂದೇ ಅರ್ಥವಾಯಿತು. ಕಟ್ಟಿದವನ ಹೆಸರು ಹಿಂದೆ ಉಳಿಯಿತು, ಕೊಂಡವರ ಹೆಸರು ಕ್ರಿಯಾಪದವಾಯಿತು. ಹೂವರ್ ನಕಲು ಮಾಡಲಿಲ್ಲ, ಕದಿಯಲೂ ಇಲ್ಲ. ಹಣ ಕೊಟ್ಟೇ ಕೊಂಡರು. ಹೊಸದನ್ನು ಹುಟ್ಟಿಸಿದವನಿಗೇ ಕೀರ್ತಿ ಸಲ್ಲುತ್ತದೆ ಎಂದು ಯಾವ ಪೇಟೆಂಟೂ ಭರವಸೆ ಕೊಡುವುದಿಲ್ಲ ಎಂಬುದಕ್ಕೆ ಇದು ನಿದರ್ಶನ.

ಆಕಾರದ ವಿಷಯದಲ್ಲೂ ಕೊಡುಕೊಳ್ಳುವಿಕೆ ನಡೆದೇ ಇತ್ತು. 1921ರಲ್ಲಿ ಸ್ವೀಡನ್ನಿನ ಎಲೆಕ್ಟ್ರೋಲಕ್ಸ್ ಉರುಳೆಯಂತಹ ಯಂತ್ರಕ್ಕೆ ಹಿಮಗಾಡಿಯಂತೆ ಜಾರುಪಟ್ಟಿ ಜೋಡಿಸಿತು. ಹಿಂದೆ ಎಳೆದುಕೊಂಡು ಹೋಗುವ ಈ ಮಾದರಿ ಮುಂದೆ ಅನೇಕ ಕಂಪೆನಿಗಳಿಗೆ ದಾರಿಯಾಯಿತು. ಭಾರತದಲ್ಲಿ 1982ರಲ್ಲಿ ಸ್ಥಾಪನೆಯಾದ ಯುರೇಕಾ ಫೋರ್ಬ್ಸ್ ಇದೇ ಎಲೆಕ್ಟ್ರೋಲಕ್ಸ್ ಸಹಯೋಗದಿಂದ ಹುಟ್ಟಿದ್ದು. ಟೈ ಕಟ್ಟಿದ ತರುಣರು ಮನೆಬಾಗಿಲಿಗೆ ಬಂದು ಹಾಸಿಗೆಯ ದೂಳು ತೆಗೆದು ತೋರಿಸುತ್ತಿದ್ದುದು ನಗರವಾಸಿಗಳಲ್ಲಿ ಹಲವರಿಗೆ ನೆನಪಿರಬಹುದು.

ಈ ಚರಿತ್ರೆಯ ದೊಡ್ಡ ಜಗಳ ಬ್ರಿಟನ್ನಿನ ಜೇಮ್ಸ್ ಡೈಸನ್ ಅವರದು. ದೂಳಿನ ಚೀಲ ತುಂಬುವ ಮೊದಲೇ ಯಂತ್ರದ ಹೀರುವ ಶಕ್ತಿ ಕುಗ್ಗುವುದನ್ನು 1978ರಲ್ಲಿ ಅವರು ಗಮನಿಸಿದರು. ಕಾರಣ ಸರಳ. ಚೀಲದ ಸಣ್ಣ ರಂಧ್ರಗಳಲ್ಲಿ ನುಣುಪು ದೂಳು ಕುಳಿತು ಗಾಳಿಯ ದಾರಿ ಮುಚ್ಚುತ್ತದೆ. ಮರ ಕೊಯ್ಯುವ ಕಾರ್ಖಾನೆಗಳಲ್ಲಿ ಇದಕ್ಕೆ ಬೇರೆ ಉಪಾಯವಿತ್ತು. ಅಲ್ಲಿ ಹೊಟ್ಟು ತುಂಬಿದ ಗಾಳಿಯನ್ನು ದೊಡ್ಡ ಶಂಕುವಿನೊಳಗೆ ಸುಳಿಯಂತೆ ತಿರುಗಿಸುತ್ತಾರೆ. ತಿರುವಿನಲ್ಲಿ ಬಸ್ಸಿನ ಪ್ರಯಾಣಿಕರು ಹೊರಕ್ಕೆ ವಾಲುವಂತೆ ಹೊಟ್ಟು ಗೋಡೆಯ ಕಡೆಗೆ ಸರಿದು ಕೆಳಕ್ಕೆ ಬೀಳುತ್ತದೆ, ಹಗುರವಾದ ಗಾಳಿ ನಡುವಿನಿಂದ ಮೇಲೇರುತ್ತದೆ. ‘ಸೈಕ್ಲೋನ್’ ಎಂಬ ಈ ವಿಧಾನ 19ನೇ ಶತಮಾನದಿಂದಲೂ ಬಳಕೆಯಲ್ಲಿತ್ತು.

ಹಾಗಾದರೆ ಡೈಸನ್ ಅವರದು ನಕಲೇ? ಅಲ್ಲ. ಮನೆಗಾತ್ರದ ಯಂತ್ರದಲ್ಲಿ, ಕಣ್ಣಿಗೆ ಕಾಣದಷ್ಟು ಸಣ್ಣ ದೂಳನ್ನೂ ಹಿಡಿಯುವಂತೆ ಆ ಸುಳಿಯನ್ನು ಪಳಗಿಸಲು ಅವರು ಸುಮಾರು 5 ವರ್ಷಗಳಲ್ಲಿ 5,127 ಮಾದರಿಗಳನ್ನು ಮಾಡಬೇಕಾಯಿತು. ವಿಚಾರ ಎರವಲು, ಬೆವರು ಸ್ವಂತದ್ದು. ದೊಡ್ಡ ಕಂಪೆನಿಗಳು ಬೆನ್ನು ತಿರುಗಿಸಿದಾಗ 1986ರಲ್ಲಿ ಜಪಾನಿನ ಕಂಪೆನಿಯೊಂದು ಅವರ ಯಂತ್ರವನ್ನು ಮಾರುಕಟ್ಟೆಗೆ ತಂದಿತು. 1993ರಲ್ಲಿ ಸ್ವಂತ ಹೆಸರಿನ ಯಂತ್ರ ಬ್ರಿಟನ್ನಿನಲ್ಲಿ ಬಂತು. ಹೂವರ್ ಕಂಪೆನಿಯೂ ಮುಂದೆ ಚೀಲವಿಲ್ಲದ ಸುಳಿಯಂತ್ರ ತಂದಾಗ ಡೈಸನ್ ದಾವೆ ಹೂಡಿದರು. ಹೂವರ್ ಪೇಟೆಂಟ್ ಉಲ್ಲಂಘಿಸಿದೆ ಎಂದು 2000ದಲ್ಲಿ ತೀರ್ಪಾಯಿತು. 2002ರಲ್ಲಿ 40 ಲಕ್ಷ ಪೌಂಡು ಪರಿಹಾರಕ್ಕೆ ಒಪ್ಪಂದವಾಯಿತು.

ಆದರೆ ಪ್ರತಿಬಾರಿಯೂ ಡೈಸನ್ ಗೆಲ್ಲಲಿಲ್ಲ. ಪಾರದರ್ಶಕ ಡಬ್ಬಿಯನ್ನೇ ತಮ್ಮ ಟ್ರೇಡ್ ಮಾರ್ಕ್ ಎಂದು ನೋಂದಾಯಿಸುವ ಪ್ರಯತ್ನವನ್ನು ಯುರೋಪಿನ ನ್ಯಾಯಾಲಯ 2007ರಲ್ಲಿ ಒಪ್ಪಲಿಲ್ಲ. ಯಾವುದೇ ಆಕಾರದ ಪಾರದರ್ಶಕ ಡಬ್ಬಿ ಎನ್ನುವುದು ಬರಿಯ ಕಲ್ಪನೆ, ಗುರುತಲ್ಲ ಎಂದಿತು. ವ್ಯಾಕ್ಸ್ ಕಂಪೆನಿಯ ಯಂತ್ರ ತಮ್ಮ ನೋಂದಾಯಿತ ವಿನ್ಯಾಸದ ನಕಲು ಎಂಬ ದೂರನ್ನೂ ಇಂಗ್ಲೆಂಡಿನ ಮೇಲ್ಮನವಿ ನ್ಯಾಯಾಲಯ 2011ರಲ್ಲಿ ತಳ್ಳಿಹಾಕಿತು. ಬಿಡಿಭಾಗಗಳಲ್ಲಿ ಹೋಲಿಕೆಯಿದ್ದರೂ ಒಂದು ನಯವಾಗಿ ಬಾಗಿದೆ, ಇನ್ನೊಂದು ಮೂಲೆಮೂಲೆಯಾಗಿ ಒರಟಾಗಿದೆ. ತಿಳಿದು ನೋಡುವವರಿಗೆ ಒಟ್ಟು ನೋಟ ಬೇರೆ ಎಂಬುದು ಅದರ ನಿಲುವು.

ಇದಕ್ಕೆ ತದ್ವಿರುದ್ಧವಾದದ್ದು ‘ಹೆನ್ರಿ’ಯ ಪ್ರಕರಣ. ನ್ಯೂಮ್ಯಾಟಿಕ್ ಕಂಪೆನಿಯ ಈ ಕೆಂಪು ಯಂತ್ರಕ್ಕೆ ನಗುಮುಖ, ಮೂಗಿನ ಜಾಗದಲ್ಲಿ ಕೊಳವೆ, ತಲೆಯ ಮೇಲೆ ಕಪ್ಪು ದುಂಡುಟೋಪಿ. ಕ್ವಾಲ್ಟೆಕ್ಸ್ ಎಂಬ ಕಂಪೆನಿ ಅದನ್ನು ಹೋಲುವ ಯಂತ್ರವನ್ನು ಪ್ರದರ್ಶನಕ್ಕಿಟ್ಟಿತು. ಅದರಲ್ಲಿ ಹೆಸರೂ ಇರಲಿಲ್ಲ, ನಗುಮುಖವೂ ಇರಲಿಲ್ಲ. ಆದರೂ 2010ರಲ್ಲಿ ಲಂಡನ್ನಿನ ಹೈಕೋರ್ಟು ನ್ಯೂಮ್ಯಾಟಿಕ್ ಪರ ನಿಂತಿತು. ಆ ಆಕಾರವನ್ನು ಕಂಡ ಜನ ಇದು ಹೆನ್ರಿಯೇ ಎಂದು ಮೋಸಹೋಗುತ್ತಾರೆ ಎಂಬುದೇ ಕಾರಣ.

ಈ ತೀರ್ಪುಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಮೂರು ಬೇರೆಬೇರೆ ಗೆರೆಗಳು ಕಾಣುತ್ತವೆ. ಕೆಲಸ ಮಾಡುವ ರೀತಿಯನ್ನು ಕಾಯುವುದು ಪೇಟೆಂಟ್. ನೋಟವನ್ನು ಕಾಯುವುದು ವಿನ್ಯಾಸದ ನೋಂದಣಿ. ಕೊಳ್ಳುವವರ ನಂಬಿಕೆಯನ್ನು ಕಾಯುವುದು ಸೋಗಿನ ವ್ಯಾಪಾರದ ವಿರುದ್ಧದ ಕಾನೂನು. ಭಾರತದಲ್ಲೂ ಈ ಮೂರೂ ಇವೆ. ಪೇಟೆಂಟಿಗೆ 20 ವರ್ಷ. ವಿನ್ಯಾಸಕ್ಕೆ 10 ವರ್ಷ, ಮತ್ತೆ 5 ವರ್ಷದ ವಿಸ್ತರಣೆ. ಅವಧಿ ಮುಗಿದ ಮೇಲೆ ಆ ಜ್ಞಾನ ಎಲ್ಲರದು. ಡೈಸನ್ ಹೂವರನ್ನು ಸೋಲಿಸಿದ ಪೇಟೆಂಟಿನ ಅವಧಿಯೂ 2001ರಲ್ಲಿ ಮುಗಿಯಿತು. ಇಂದು ಹಲವು ಕಂಪೆನಿಗಳ ಯಂತ್ರಗಳಲ್ಲಿ ಅದೇ ಸುಳಿ ತಿರುಗುತ್ತಿದೆ, ಅದು ಕಳವಲ್ಲ.

ಗಡಿಯೇ ಇಲ್ಲದಿದ್ದರೆ 5,127 ಮಾದರಿ ಮಾಡುವ ತಾಳ್ಮೆ ಯಾರಿಗೂ ಉಳಿಯದು. ಗಡಿ ಎಂದೂ ಮುಗಿಯದಿದ್ದರೆ ಆ ಯಂತ್ರ ಉಳ್ಳವರ ಮನೆಯಲ್ಲೇ ಉಳಿದುಬಿಡುತ್ತದೆ. ಆದ್ದರಿಂದ ಇನ್ನು ಮುಂದೆ ಎರಡು ವಸ್ತುಗಳು ಒಂದೇ ಬಗೆಯಾಗಿ ಕಂಡಾಗ ‘ನಕಲು’ ಎಂದು ತೀರ್ಮಾನಿಸುವ ಮುನ್ನ ಎರಡು ಪ್ರಶ್ನೆ ಕೇಳಬೇಕು. ಹಿಂದಿನವರ ದುಡಿಮೆಯ ಫಲ ಅವರ ಕೈಸೇರುವ ಮೊದಲೇ ಅದನ್ನು ಎತ್ತಿಕೊಂಡಿದ್ದಾರೆಯೇ? ಕೊಳ್ಳುವವರಿಗೆ ಇದು ಬೇರೆಯವರದೆಂಬ ಭ್ರಮೆ ಹುಟ್ಟಿಸಿದ್ದಾರೆಯೇ? ಎರಡಕ್ಕೂ ‘ಇಲ್ಲ’ ಎಂಬುದೇ ಉತ್ತರವಾದರೆ ಅದು ಕಲಿಕೆ. ಬೂತ್ ಅವರಿಂದ ಡೈಸನ್ ಅವರವರೆಗೆ ಎಲ್ಲರೂ ಹಾಗೆಯೇ ಕಲಿತವರು.