ಅಟ್ಟದ ಮೇಲಿನ ಸಿ.ಡಿ.ಗಳಿಗೆ ಒಂದು ಬಾಗಿಲು

ಈ ವಾರದ ಮಾತು ಹುಟ್ಟಿದ್ದು ಕಾಂದಿವಲಿಯ ಕೇಳುಗರೊಬ್ಬರು ಫೋನಿನಲ್ಲಿ ಕೇಳಿದ ಪ್ರಶ್ನೆಯಿಂದ. ಊರಿನಲ್ಲಿ 2004ರಲ್ಲಿ ನಡೆದ ಅಕ್ಕನ ಮದುವೆಯ ಸಿ.ಡಿ. ಅವರ ಬಳಿ ಇದೆ. ತೀರಿಕೊಂಡ ತಂದೆಯ ಧ್ವನಿ ಉಳಿದಿರುವುದು ಅದೊಂದರಲ್ಲೇ. ಮನೆಯ ಕಂಪ್ಯೂಟರಿನಲ್ಲಿ ಸಿ.ಡಿ. ಹಾಕುವ ಡ್ರೈವ್ ಇಲ್ಲ. ಏನು ಮಾಡುವುದು?

ಇದು ಒಂದೇ ಮನೆಯ ಪ್ರಶ್ನೆಯಲ್ಲ. ಮುಂಬಯಿ ಕನ್ನಡಿಗರ ಎಷ್ಟೋ ಮನೆಗಳ ಅಟ್ಟದಲ್ಲಿ, ಹಳೆಯ ಸೂಟ್‌ಕೇಸಿನಲ್ಲಿ ಇಂಥ ಡಿಸ್ಕುಗಳಿವೆ. ಮದುವೆ, ಉಪನಯನ, ಸಂಘದ ವಾರ್ಷಿಕೋತ್ಸವ, ರಾತ್ರಿಯಿಡೀ ನಡೆದ ಯಕ್ಷಗಾನ, ಮಕ್ಕಳ ಮೊದಲ ಭರತನಾಟ್ಯ! ಸಿನಿಮಾ ಹಾಡು ಎಲ್ಲಿ ಬೇಕಾದರೂ ಸಿಗುತ್ತದೆ. ಮೋಸರ್ ಬೇರ್ ಕಂಪನಿ 28 ರೂಪಾಯಿಗೆ ಮಾರಿದ ಸಿನಿಮಾ ವಿ.ಸಿ.ಡಿ. ಕಳೆದುಹೋದರೂ ಚಿಂತೆಯಿಲ್ಲ. ಆದರೆ ತಂದೆಯ ಧ್ವನಿಗೆ ಬೇರೆ ಪ್ರತಿ ಎಲ್ಲಿದೆ?

ಅಂಗಡಿಯ ಸಿ.ಡಿ.ಗೂ ಸ್ಟುಡಿಯೋದವರು ಬರೆದುಕೊಟ್ಟ ಸಿ.ಡಿ.ಗೂ ವ್ಯತ್ಯಾಸವಿದೆ. ಮೊದಲನೆಯದು ಅಚ್ಚು ಒತ್ತಿದ್ದು. ಎರಡನೆಯದರಲ್ಲಿ ತೆಳುವಾದ ಬಣ್ಣದ ಪದರವನ್ನು ಲೇಸರ್ ಕಿರಣದಿಂದ ಸುಟ್ಟು ಬರೆದಿರುತ್ತಾರೆ. ಬಿಸಿಲು, ಸೆಕೆ, ನಮ್ಮ ಮುಂಬಯಿಯ ಮಳೆಗಾಲದ ತೇವ ಇವೆಲ್ಲ ಆ ಪದರಕ್ಕೆ ವೈರಿಗಳು. ಆದ್ದರಿಂದ ಈ ಕೆಲಸವನ್ನು ಮುಂದೂಡುವುದು ಬೇಡ.

ನಾನು ಕನ್ನಡ ಬಿ.ಎ. ಓದಿದವನು, ಎಂಜಿನಿಯರ್ ಅಲ್ಲ. ಆದರೂ ಧೈರ್ಯವಾಗಿ ಹೇಳುತ್ತೇನೆ: ಡ್ರೈವ್ ಕೂರಿಸುವುದು ನಾಲ್ಕು ಸ್ಕ್ರೂ, ಎರಡು ವೈರಿನ ಕೆಲಸ. ಕಾಗದ ಪೆನ್ನು ತೆಗೆದುಕೊಳ್ಳಿ.

ಮೊದಲು ನೋಡಬೇಕಾದದ್ದು ಎರಡು. ಕಂಪ್ಯೂಟರಿನ ಡಬ್ಬಿಯ ಮುಂಭಾಗದಲ್ಲಿ ಐದೂಕಾಲು ಇಂಚಿನದು ಎಂದು ಕರೆಯುವ ಖಾನೆ ಇದೆಯೇ? ಒಳಗೆ ಮದರ್‌ಬೋರ್ಡಿನಲ್ಲಿ ಒಂದು ಸಾಟಾ ಕಿಂಡಿ ಖಾಲಿ ಇದೆಯೇ? ಎರಡೂ ಇದ್ದರೆ ಸಾಟಾ ಡಿ.ವಿ.ಡಿ. ರೈಟರ್ ತನ್ನಿ, ಅದು ಸಿ.ಡಿ.ಯನ್ನೂ ಓದುತ್ತದೆ. ಗ್ರಾಂಟ್ ರೋಡಿನಲ್ಲಿ ಇಳಿದರೆ ಲ್ಯಾಮಿಂಗ್ಟನ್ ರೋಡ್ ಇದ್ದೇ ಇದೆ. ನಿಮ್ಮ ಬಡಾವಣೆಯ ರಿಪೇರಿ ಅಂಗಡಿಯಲ್ಲೂ ಹಳೆಯದನ್ನು ವಿಚಾರಿಸಿ. ಡಿಸ್ಕ್ ಓದಿಸಿ ನೋಡಿಯೇ ಕೊಳ್ಳಿ. ಜೊತೆಗೆ ಒಂದು ಸಾಟಾ ಕೇಬಲ್, ಡ್ರೈವಿಗೆ ಹೊಂದುವ ನಾಲ್ಕು ಸಣ್ಣ ಸ್ಕ್ರೂ ಕೇಳಿ ಪಡೆಯಿರಿ.

ಚಪ್ಪಟೆಯಾದ ಅಗಲ ಪಟ್ಟಿಯ ಕೇಬಲ್ ಇರುವ ತೀರಾ ಹಳೆಯ ಕಂಪ್ಯೂಟರಾದರೆ ಅದು ಐ.ಡಿ.ಇ. ಪದ್ಧತಿ. ಅದಕ್ಕೆ ಅದೇ ಜಾತಿಯ ಡ್ರೈವ್ ಬೇಕು.

ಈಗ ಕೆಲಸ. ಕಂಪ್ಯೂಟರ್ ಬಂದ್ ಮಾಡಿ, ಪ್ಲಗ್ಗನ್ನೇ ಕಿತ್ತುಬಿಡಿ. ಪಕ್ಕದ ತಗಡು ತೆಗೆದ ಮೇಲೆ ಡಬ್ಬಿಯ ಬರಿಯ ಲೋಹವನ್ನು ಒಮ್ಮೆ ಮುಟ್ಟಿ. ಮೈಮೇಲಿನ ಸ್ಥಿರ ವಿದ್ಯುತ್ತು ಅಲ್ಲಿಗೆ ಇಳಿಯುತ್ತದೆ. ವಿದ್ಯುತ್ ಪೂರೈಸುವ ಪೆಟ್ಟಿಗೆ, ಎಸ್.ಎಂ.ಪಿ.ಎಸ್., ಅದನ್ನು ಮಾತ್ರ ಎಂದಿಗೂ ಬಿಚ್ಚಬೇಡಿ.

ಮುಂಭಾಗದ ಖಾನೆಯ ಮುಚ್ಚಳ ತೆಗೆದು, ಡ್ರೈವನ್ನು ಹೊರಗಿನಿಂದ ಒಳಕ್ಕೆ ಮೆಲ್ಲಗೆ ಜಾರಿಸಿ. ಅದರ ಮುಖ ಡಬ್ಬಿಯ ಮುಖಕ್ಕೆ ಸಮನಾದಾಗ ಎರಡೂ ಬದಿಗೆ ಸ್ಕ್ರೂ ಹಾಕಿ. ಹಿಂಬದಿಗೆ ಎರಡು ವೈರು: ಕಿರಿದಾದದ್ದು ಮದರ್‌ಬೋರ್ಡಿನಿಂದ, ಅಗಲವಾದದ್ದು ಎಸ್.ಎಂ.ಪಿ.ಎಸ್.ನಿಂದ. ಎರಡರ ಬಾಯಿಯೂ ಇಂಗ್ಲಿಷಿನ 'ಎಲ್' ಅಕ್ಷರದ ಆಕಾರ, ಹಾಗಾಗಿ ಒಂದೇ ದಿಕ್ಕಿನಲ್ಲಿ ಕೂರುತ್ತವೆ. ಬಲ ಬೇಡ, ತಿರುಗಿಸಿ ನೋಡಿ. ವೈರು ಫ್ಯಾನಿಗೆ ತಾಗದಂತೆ ಸರಿಸಿ, ತಗಡು ಮುಚ್ಚಿ, ಕಂಪ್ಯೂಟರ್ ಆನ್ ಮಾಡಿ.

ವಿಂಡೋಸ್ ಸಾಮಾನ್ಯವಾಗಿ ತಾನೇ ಗುರುತಿಸುತ್ತದೆ. ಗುರುತಿಸದಿದ್ದರೆ ಮತ್ತೆ ಪ್ಲಗ್ ಕಿತ್ತು ಎರಡೂ ವೈರುಗಳನ್ನು ಒತ್ತಿ ಕೂರಿಸಿ, ಸಾಟಾ ಕಿಂಡಿ ಬದಲಿಸಿ ನೋಡಿ. ಕೆಲವು ಹೊಸ ಬೋರ್ಡುಗಳಲ್ಲಿ ಎಂ.2 ಎಂಬ ಚಪ್ಪಟೆ ಡಿಸ್ಕ್ ಹಾಕಿದ್ದರೆ ಒಂದು ಸಾಟಾ ಕಿಂಡಿ ಸುಮ್ಮನಾಗಿಬಿಡುತ್ತದೆ.

ಮುಂಭಾಗದಲ್ಲಿ ಖಾನೆಯೇ ಇಲ್ಲವೇ? ಈಚಿನ ಗಾಜಿನ ಡಬ್ಬಿಗಳಲ್ಲಿ ಅದು ಅಪರೂಪ. ಅಂಥವರು ಯು.ಎಸ್.ಬಿ.ಗೆ ಸಿಕ್ಕಿಸುವ ಹೊರಗಿನ ಡ್ರೈವ್ ಕೊಂಡರಾಯಿತು.

ಡಿಸ್ಕ್ ಹಾಕುವ ಮೊದಲು ಮೆತ್ತನೆಯ ಹತ್ತಿ ಬಟ್ಟೆಯಿಂದ ನಡುವಿನಿಂದ ಅಂಚಿಗೆ ನೇರವಾಗಿ ಒರೆಸಿ, ಸುತ್ತ ತಿರುಗಿಸಿ ಉಜ್ಜಬೇಡಿ. ಬಿರುಕು ಬಿಟ್ಟದ್ದನ್ನು ಹಾಕಲೇಬೇಡಿ. ವೇಗದ ಡ್ರೈವಿನಲ್ಲಿ ಅದು ನಿಮಿಷಕ್ಕೆ 10,000 ಸುತ್ತಿನ ಹತ್ತಿರ ತಿರುಗುತ್ತದೆ, ಒಳಗೇ ಚೂರಾದೀತು.

ಇನ್ನು ಪ್ರತಿ ಮಾಡುವುದು. ಹಾಡಿನ ಸಿ.ಡಿ. ತೆರೆದಾಗ ಕಾಣುವ 'ಸಿ.ಡಿ.ಎ.' ಕಡತಗಳು ಬರೀ ಕೈಮರ ಇದ್ದಂತೆ, ದಾರಿ ತೋರಿಸುತ್ತವೆ ಅಷ್ಟೆ. ಅವನ್ನು ನಕಲು ಮಾಡಿದರೆ ಹಾಡು ಬರುವುದಿಲ್ಲ. ವಿಂಡೋಸ್ ಮೀಡಿಯಾ ಪ್ಲೇಯರಿನ 'ರಿಪ್' ಗುಂಡಿ ಒತ್ತಬೇಕು. ವಿ.ಸಿ.ಡಿ.ಯಾದರೆ 'ಎಂಪೆಗ್ ಎ.ವಿ.' ಫೋಲ್ಡರಿನ 'ಡ್ಯಾಟ್' ಕಡತ, ಡಿ.ವಿ.ಡಿ.ಯಾದರೆ 'ವಿಡಿಯೋ ಟಿ.ಎಸ್.' ಫೋಲ್ಡರ್ ಇಡಿಯಾಗಿ ನಕಲು ಮಾಡಿ. ನೋಡಲು ಉಚಿತವಾಗಿ ಸಿಗುವ ವಿ.ಎಲ್.ಸಿ. ಪ್ಲೇಯರ್ ಸಾಕು.

ಒಂದೇ ಪ್ರತಿ ಮಾಡಿ ನಿಶ್ಚಿಂತರಾಗಬೇಡಿ. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ 944 ಮಿಲಿಮೀಟರ್ ಮಳೆ ಸುರಿದದ್ದು ನಮಗೆಲ್ಲ ನೆನಪಿದೆ. ನೀರು ನುಗ್ಗಿದ ಮನೆಗಳಲ್ಲಿ ಕಂಪ್ಯೂಟರೂ ಆಲ್ಬಮ್ಮೂ ಒಟ್ಟಿಗೇ ನೆನೆದವು. ಒಂದು ಪ್ರತಿ ಇಲ್ಲಿರಲಿ, ಇನ್ನೊಂದು ಊರಿನ ಅಣ್ಣನ ಮನೆಯಲ್ಲಿರಲಿ.

ಕೊನೆಯದಾಗಿ ಒಂದು ಕೋರಿಕೆ. ಆ ಮದುವೆಯ ಚಿತ್ರ ಮೂಡಿ ಬಂದಾಗ ಮನೆಯ ಹಿರಿಯರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಧಾರೆ ಎರೆಯುವವರು ಯಾರು, ಚಪ್ಪರದ ಮೂಲೆಯಲ್ಲಿ ನಗುತ್ತಿರುವ ಅಜ್ಜಿ ಯಾರ ಕಡೆಯವರು ಎಂದು ಕೇಳಿ ಬರೆದಿಟ್ಟುಕೊಳ್ಳಿ. ಡ್ರೈವು ಚಿತ್ರವನ್ನು ಕೊಟ್ಟೀತು, ಹೆಸರನ್ನು ಕೊಡಬೇಕಾದವರು ಅವರೇ. ಬರುವ ಭಾನುವಾರವೇ ಅಟ್ಟ ಹತ್ತಿ.