ಪುಟ್ಟ ದೋಣಿ, ದೊಡ್ಡ ಕಡಲು
(ಸುವರ್ಣ ಮಹೋತ್ಸವ ಸಮಾರಂಭದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣ)



ಮಕ್ಕಳಿಗೆ ನಾಲ್ಕು ಮಾತು ಹೇಳಿ ಎಂದು ಮುಖ್ಯೋಪಾಧ್ಯಾಯರು ಅಪ್ಪಣೆ ಮಾಡಿದ್ದಾರೆ. ಉಪದೇಶದ ಬದಲು ಒಬ್ಬ ಮನುಷ್ಯನ ಕಥೆ ಹೇಳುತ್ತೇನೆ.

ಅವರ ಹೆಸರು ರಾಬರ್ಟ್ ಮ್ಯಾನ್ರಿ. 1918ರಲ್ಲಿ ನಮ್ಮ ದೇಶದಲ್ಲೇ, ಹಿಮಾಲಯದ ತಪ್ಪಲಿನ ಲಂಡೋರ್‌ನಲ್ಲಿ ಹುಟ್ಟಿದವರು. ಮುಂದೆ ಅಮೆರಿಕದ ಕ್ಲೀವ್‌ಲ್ಯಾಂಡಿನ ಒಂದು ಪತ್ರಿಕೆಯಲ್ಲಿ ಉಪಸಂಪಾದಕರಾದರು. ಬೇರೆಯವರು ಬರೆದದ್ದನ್ನು ತಿದ್ದುವ ಕೆಲಸ. ನಾನೂ ಅದೇ ಕೆಲಸ ಮಾಡಿ ನಿವೃತ್ತನಾದವನು. ಆ ಕುರ್ಚಿಯಲ್ಲಿ ಕುಳಿತವರು ಸಾಹಸಿಗಳೆಂದು ಯಾರೂ ಭಾವಿಸುವುದಿಲ್ಲ!

ಅವರು ಸುಮಾರು ಮೂವತ್ತು ವರ್ಷ ಹಳೆಯದಾದ ಮರದ ಹಾಯಿದೋಣಿಯೊಂದನ್ನು ಕೊಂಡರು. ಹೆಸರು ಟಿಂಕರ್‌ಬೆಲ್. ಉದ್ದ ಹದಿಮೂರೂವರೆ ಅಡಿ. ನಮ್ಮ ತರಗತಿಯ ಎರಡು ಬೆಂಚುಗಳನ್ನು ಉದ್ದಕ್ಕೆ ಜೋಡಿಸಿದರೆ ಹೆಚ್ಚುಕಡಿಮೆ ಅಷ್ಟೇ. 1965ರ ಜೂನ್ 1ರಂದು ಅದರಲ್ಲಿ ಒಬ್ಬರೇ ಅಮೆರಿಕದ ಫಾಲ್ಮತ್ ಬಿಟ್ಟು, 78 ದಿನಗಳಲ್ಲಿ ಅಟ್ಲಾಂಟಿಕ್ ದಾಟಿ ಇಂಗ್ಲೆಂಡಿನ ಫಾಲ್ಮತ್ ತಲುಪಿದರು. ದೂರ ಸುಮಾರು ಐದು ಸಾವಿರ ಕಿಲೋಮೀಟರ್. ದಡದಲ್ಲಿ ಸಾವಿರಾರು ಜನ ಕಾದಿದ್ದರು. ಮೂರು ವರ್ಷದ ನಂತರ ಹ್ಯೂಗೋ ವಿಹ್ಲನ್ ಎಂಬವರು ಆರಡಿ ದೋಣಿಯಲ್ಲೇ ಅದೇ ಸಾಗರ ದಾಟಿದರು.

ಕೇಳಿದವರು ‘ಎಂಥ ಧೈರ್ಯ!’ ಎನ್ನುತ್ತಾರೆ. ಧೈರ್ಯ ನಿಜ. ಆದರೆ ಹೊರಡುವ ಮುಂಚೆ ಮ್ಯಾನ್ರಿ ಮಾಡಿದ್ದನ್ನು ನೋಡಿ. ವರ್ಷಗಟ್ಟಲೆ ಈರಿ ಸರೋವರದಲ್ಲಿ ದೋಣಿ ನಡೆಸಿ ಕೈ ಪಳಗಿಸಿಕೊಂಡರು. ನೀರು ನುಗ್ಗಿದರೂ ಮುಳುಗದಂತೆ ಒಳಗೆ ಫೋಮ್ ತುಂಬಿದರು. ಮಗುಚಿದರೂ ತಾನೇ ನೆಟ್ಟಗಾಗಲೆಂದು ಅಡಿಯಲ್ಲಿ ಭಾರದ ಹಲಗೆ ಕೊಟ್ಟರು. ಅಲೆ ಪಕ್ಕಕ್ಕೆ ಹೊಡೆದರೆ ದೋಣಿ ಉರುಳುತ್ತದೆ. ಅದಕ್ಕೆ ಬಿರುಗಾಳಿಯಲ್ಲಿ ಹಾಯಿ ಇಳಿಸಿ, ಹಗ್ಗಕ್ಕೆ ಕಟ್ಟಿದ ತೇಲುಲಂಗರನ್ನು ನೀರಿಗೆ ಬಿಡುತ್ತಿದ್ದರು. ಅದರ ಜಗ್ಗಾಟಕ್ಕೆ ದೋಣಿಯ ಮೂತಿ ಅಲೆಯತ್ತಲೇ ನಿಲ್ಲುತ್ತಿತ್ತು. ಬೆಂಡು ತೇಲುವ ಹಾಗೆ ಚಿಕ್ಕ ದೋಣಿ ಅಲೆಯನ್ನು ಹತ್ತಿ ಇಳಿಯುತ್ತದೆ.

ಆದರೂ ಕಷ್ಟ ತಪ್ಪಲಿಲ್ಲ. ಚುಕ್ಕಾಣಿ ಮುರಿಯಿತು; ರಿಪೇರಿ ಮಾಡಿಕೊಂಡರು. ನಿದ್ದೆಗೆಟ್ಟು, ದೋಣಿಯಲ್ಲಿ ಇನ್ನಾರೋ ಇದ್ದಾರೆಂಬ ಭ್ರಮೆಯಾಯಿತು. ಹಲವು ಬಾರಿ ಅಲೆ ಅವರನ್ನೇ ಎತ್ತಿ ಸಮುದ್ರಕ್ಕೆ ಎಸೆಯಿತು. ಪ್ರತಿ ಸಲವೂ ಜೀವ ಉಳಿಸಿದ್ದು, ಮೈಗೆ ಕಟ್ಟಿಕೊಂಡಿದ್ದ ಒಂದು ಹಗ್ಗ.

ಇದನ್ನು ಇಲ್ಲಿ ಹೇಳಲು ಕಾರಣವಿದೆ. ನಮ್ಮ ಶಾಲೆಯಿಂದ ಪಟ್ಟಣದ ಕಾಲೇಜಿಗೆ ಹೋದ ಮಕ್ಕಳಲ್ಲಿ ಕೆಲವರು ಮೊದಲ ವರ್ಷವೇ ಓದು ಬಿಟ್ಟು ಮರಳುತ್ತಾರೆ. ‘ಹಳ್ಳಿ ಮಕ್ಕಳಿಗೆ ಧೈರ್ಯ ಸಾಲದು’ ಎಂಬ ಮಾತು ಕೇಳಿಬರುತ್ತದೆ. ನಾನು ಒಪ್ಪುವುದಿಲ್ಲ. ಗದ್ದೆ, ದನ, ಮನೆಗೆಲಸ ಮುಗಿಸಿ ಮೈಲಿಗಟ್ಟಲೆ ನಡೆದು ಬರುವ ಮಗುವಿಗೆ ಧೈರ್ಯದ ಪಾಠ ಬೇಕಿಲ್ಲ. ಬೇಕಾದದ್ದು ಆ ಹಗ್ಗ. ಅರ್ಥವಾಗದ ಇಂಗ್ಲಿಷ್ ಪಾಠವನ್ನು ಸಂಜೆ ಬಿಡಿಸಿ ಹೇಳುವವರು, ಹಾಸ್ಟೆಲ್ ಅರ್ಜಿ ತುಂಬಿಸುವವರು, ಮೊದಲ ಪರೀಕ್ಷೆಯಲ್ಲಿ ಫೇಲಾದಾಗ ಫೋನ್ ಮಾಡಿ ಮಾತಾಡಿಸುವವರು ಬೇಕು.

ಹಳೆಯ ವಿದ್ಯಾರ್ಥಿಗಳು ಇಂದು ಇಷ್ಟೊಂದು ಜನ ಸೇರಿದ್ದೇವೆ. ಈ ವರ್ಷ ಎಸ್ಸೆಸ್ಸೆಲ್ಸಿ ಮುಗಿಸುವ ಪ್ರತಿ ಮಗುವಿಗೂ ನಮ್ಮಲ್ಲೊಬ್ಬರು ಜೊತೆಯಾಗೋಣ. ಕಚೇರಿಯ ಮೇಜಿನ ಮೇಲೆ ಪುಸ್ತಕ ಇಟ್ಟಿದ್ದಾರೆ. ಊಟಕ್ಕೆ ಹೋಗುವ ಮುಂಚೆ ಹೆಸರು ಬರೆಸಿ ಹೋಗಿ.