ಜಿಡ್ಡಿನ ಪೆಟ್ಟಿಗೆಗೆ ಯಾರ ಕೈ?

(ಹೋಟೆಲ್ ಕೆಲಸಗಾರರ ಸಭೆಯಲ್ಲಿ ಮಾಡಿದ ಭಾಷಣ)



ಹೋಟೆಲಿನ ಮುಂಬಾಗಿಲ ಮಾತನಾಡುವವರು ಬಹಳ ಮಂದಿ ಇದ್ದಾರೆ. ನಾನು ಹಿಂಬಾಗಿಲ ಮಾತನಾಡಲು ಬಂದಿದ್ದೇನೆ. ಮುಸುರೆ ತೊಳೆಯುವ ತೊಟ್ಟಿಯ ಬಳಿ ನಿಂತು ದುಡಿಯುವವರಿಗೆ ಇದು ಹೊಸ ಮಾತಲ್ಲ.

ಹಿಂದೆ ಮನೆಯ ಮುಸುರೆ ನೀರು ಕಲಗಚ್ಚಾಗಿ ದನಕ್ಕೆ ಹೋಗುತ್ತಿತ್ತು. ದಿನಕ್ಕೆ ನೂರಾರು ಎಲೆ ಬೀಳುವ ಹೋಟೆಲಿನ ನೀರು ಮೋರಿಗೆ ಹೋಗುತ್ತದೆ. ಬೋಂಡದ ಬಾಣಲೆ, ಬಾಡೂಟದ ಪಾತ್ರೆ ತೊಳೆದ ಬಿಸಿನೀರಿನಲ್ಲಿ ಕೊಬ್ಬು ಕರಗಿ ಸಾಗಿ, ಮುಂದೆ ತಣ್ಣಗಾದಾಗ ಕೊಳವೆಗೆ ಮೆತ್ತಿಕೊಂಡು ಗಟ್ಟಿಯಾಗುತ್ತದೆ. 2017ರಲ್ಲಿ ಲಂಡನ್ನಿನ ವೈಟ್‌ಚಾಪೆಲ್ ಎಂಬಲ್ಲಿ ನೆಲದಡಿಯ ಕೊಳವೆಯಲ್ಲಿ ಹೀಗೆ ಸೇರಿದ ಗಡ್ಡೆ 250 ಮೀಟರು ಉದ್ದವಿತ್ತು, ಸುಮಾರು 130 ಟನ್ ತೂಗಿತು. ಲಂಡನ್ನಿನ ಗತಿಯೇ ಹೀಗಾದರೆ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳ ಚರಂಡಿಯ ಪಾಡೇನು?

ಇದಕ್ಕೆ ಉಪಾಯವಿದೆ. ಅದೇ ಗ್ರೀಸ್ ಟ್ರ್ಯಾಪ್, ಎಂದರೆ ಜಿಡ್ಡು ತಡೆಯುವ ಪೆಟ್ಟಿಗೆ. ಅದರೊಳಗೆ ನೀರು ನಿಧಾನವಾಗಿ ತಣಿಯುತ್ತದೆ. ಜಿಡ್ಡು ಮೇಲೆ ತೇಲುತ್ತದೆ, ಅಗುಳು ತಳಕ್ಕಿಳಿಯುತ್ತದೆ, ನಡುವಿನ ನೀರು ಮಾತ್ರ ಹೊರಹೋಗುತ್ತದೆ. ಆದರೆ ಪೆಟ್ಟಿಗೆ ಜಿಡ್ಡನ್ನು ತಿಂದುಬಿಡುವುದಿಲ್ಲ, ಹಿಡಿದಿಡುತ್ತದೆ ಅಷ್ಟೆ. ಮೇಲಿನ ಜಿಡ್ಡೂ ತಳದ ಗಷ್ಟೂ ಸೇರಿ ಆಳದ ಕಾಲುಭಾಗವಾಗುವುದರೊಳಗೆ ಅದನ್ನು ತೆಗೆಯಲೇಬೇಕು. ತೆಗೆಯದಿದ್ದರೆ ಪೆಟ್ಟಿಗೆ ಇದ್ದೂ ಇಲ್ಲದ ಹಾಗೆ.

ತೆಗೆಯುವವರು ಯಾರು? ರಾತ್ರಿ ಗಲ್ಲಾ ಎಣಿಸಿದ ಮೇಲೆ, ಎಲ್ಲರಿಗಿಂತ ಕಡಿಮೆ ಸಂಬಳದ ಹುಡುಗನನ್ನು ಕರೆದು ಬರಿಗೈಯಲ್ಲಿ ಬಳಿಯೆನ್ನುವುದುಂಟು. ಬಳಿಯದೆ ಬಿಟ್ಟರೆ ಬೀದಿಯ ಚರಂಡಿ ಕಟ್ಟಿಕೊಂಡು ಪೌರಕಾರ್ಮಿಕರ ಪಾಲಿಗೆ ಬರುತ್ತದೆ. ಲಾಭ ಒಬ್ಬನಿಗೆ, ಹೇಸಿಗೆ ಮತ್ತೊಬ್ಬನಿಗೆ ಎಂಬುದು ಯಾವ ನ್ಯಾಯ?

ಕೆಲವೆಡೆ ಈ ಪೆಟ್ಟಿಗೆ ನೆಲದಡಿಯ ಗುಂಡಿಯಾಗಿರುತ್ತದೆ. ಕೊಳೆತ ಗಷ್ಟಿನಿಂದೇಳುವ ಹೈಡ್ರೋಜನ್ ಸಲ್ಫೈಡ್ ಅನಿಲ ಕ್ಷಣದಲ್ಲಿ ಪ್ರಜ್ಞೆ ತಪ್ಪಿಸಿ ಕೊಲ್ಲಬಲ್ಲದು. ಬಿದ್ದವನನ್ನು ಎತ್ತಲು ಇಳಿದವನ ಗತಿಯೂ ಅದೇ. ರಕ್ಷಣೆಯಿಲ್ಲದೆ ಮನುಷ್ಯನನ್ನು ಒಳಚರಂಡಿಗೆ, ಸೆಪ್ಟಿಕ್ ಟ್ಯಾಂಕಿಗೆ ಇಳಿಸುವುದನ್ನು 2013ರ ಕಾನೂನು ನಿಷೇಧಿಸಿದೆ. ಒಳಚರಂಡಿಯಲ್ಲಿ ಸತ್ತವರ ಕುಟುಂಬಕ್ಕೆ 30 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು 2023ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಹಣದಿಂದ ಹೋದ ಜೀವ ಮರಳುವುದೇ? ಜಿಡ್ಡಿನ ಗುಂಡಿಗೂ ನಾವು ಇದೇ ನೀತಿಯನ್ನು ಪಾಲಿಸಬೇಕು: ಯಾರೂ ಇಳಿಯಕೂಡದು, ಯಾರನ್ನೂ ಇಳಿಸಕೂಡದು.

ಮಾಲೀಕರ ಕಷ್ಟವನ್ನು ನಾನು ಅಲ್ಲಗಳೆಯುವುದಿಲ್ಲ. 2023ರಲ್ಲಿ ಉದ್ಘಾಟನೆಯಾದ ಬೆಂಗಳೂರು-ಮೈಸೂರು ದಶಪಥ ರಾಮನಗರ, ಚನ್ನಪಟ್ಟಣಗಳನ್ನು ಹೊರಗಿನಿಂದಲೇ ಬಳಸಿ ಹೋಗುವುದರಿಂದ ಹಳೆಯ ರಸ್ತೆಯ ಹೋಟೆಲುಗಳಿಗೆ ಗಿರಾಕಿ ಕಡಿಮೆಯಾಗಿದೆ. ಒಲೆಯ ಮುಂದೆ ತಾನೇ ನಿಲ್ಲುವ ಸಣ್ಣ ಹೋಟೆಲಿನವನೂ ದುಡಿಯುವವನೇ. ಅಂಥವರು ನಾಲ್ಕಾರು ಮಂದಿ ಸಹಕಾರ ತತ್ವದಿಂದ ಕೂಡಿ, ಜಿಡ್ಡು ಹೀರುವ ಗಾಡಿಯೊಂದನ್ನು ಗೊತ್ತುಮಾಡಿಕೊಳ್ಳಲಿ. ಅದನ್ನು ಸುರಿಯುವ ಜಾಗವನ್ನು ನಗರಸಭೆ, ಪುರಸಭೆಗಳು ಒದಗಿಸಲಿ.

ನಮ್ಮ ಬೇಡಿಕೆಗಳು ದೊಡ್ಡವಲ್ಲ. ಪೆಟ್ಟಿಗೆ ತೆಗೆಯುವ ಕೆಲಸ ದುಡಿಮೆಯ ಹೊತ್ತಿನೊಳಗೇ ನಡೆಯಲಿ, ಅದಕ್ಕೆ ಕೂಲಿ ಸಲ್ಲಲಿ. ಕೈಗವಸು, ಬೂಟು, ಉದ್ದ ಹಿಡಿಯ ಸೌಟು ಮಾಲೀಕರ ಖರ್ಚಿನಲ್ಲಿ ಬರಲಿ. ತೆಗೆದ ದಿನವನ್ನು ಗೋಡೆಯ ಮೇಲೆ ಬರೆದಿಡಲಿ. ನಮ್ಮ ಕಡೆಯಿಂದಲೂ ಕರ್ತವ್ಯವುಂಟು. ಪಾತ್ರೆಯ ಜಿಡ್ಡನ್ನು ಮೊದಲು ಕಾಗದದಿಂದ ಒರೆಸಿ, ಎಂಜಲನ್ನು ಬುಟ್ಟಿಗೆ ಹಾಕಿ, ಆಮೇಲೆ ನೀರು ಬಿಡೋಣ. ಕರಿದುಳಿದ ಎಣ್ಣೆಯನ್ನು ಮೋರಿಗೆ ಸುರಿಯದೆ ಡಬ್ಬದಲ್ಲಿ ಕೂಡಿಡೋಣ. ಅದರಿಂದ ಬಯೋಡೀಸೆಲ್ ಮಾಡುತ್ತಾರೆ, ಕೊಳ್ಳುವವರಿದ್ದಾರೆ.

ಅರ್ಕಾವತಿ ಮಾಗಡಿ ಸೀಮೆಯ ಮಂಚನಬೆಲೆಯಿಂದ ರಾಮನಗರಕ್ಕೆ, ಅಲ್ಲಿಂದ ಕನಕಪುರಕ್ಕೆ ಹರಿದು ಸಂಗಮದಲ್ಲಿ ಕಾವೇರಿಯನ್ನು ಕೂಡುತ್ತದೆ. ಮೇಲಿನ ಊರಿನವರು ಮೋರಿಗೆ ಬಿಟ್ಟದ್ದು ಕೆಳಗಿನ ಊರಿನವರ ನೀರಿಗೆ ಬರುತ್ತದೆ.

ನಾಳೆ ಕೆಲಸಕ್ಕೆ ಹೋದಾಗ ಪೆಟ್ಟಿಗೆಯ ಮುಚ್ಚಳ ತೆಗೆಸಿ, ಕೋಲಿನಿಂದ ಆಳ ಅಳೆದು ನೋಡಿ. ಕಾಲುಭಾಗ ದಾಟಿದ್ದರೆ ಒಬ್ಬೊಬ್ಬರೇ ಗೊಣಗದೆ, ಎಲ್ಲರೂ ಕೂಡಿ ಮಾಲೀಕರನ್ನು ಕೇಳಿ.